ಸ್ಯಾಂಡ್ ಪೇಪರ್ ಕೆಳಗಿಡಿ ಸ್ವಾಮಿ!

ಯೂಟ್ಯೂಬಿನಲ್ಲಿ 'ರಿಸ್ಟೊರೇಶನ್' ಅಂತ ಹುಡುಕಿ ನೋಡಿ. ತುಕ್ಕು ಹಿಡಿದ ಸುತ್ತಿಗೆ, ಇಸ್ತ್ರಿ ಪೆಟ್ಟಿಗೆ, ಮಾಂಸ ಕತ್ತರಿಸೋ ಮಚ್ಚು, ಆಮೇಲೆ ಹಳೇ ಮಿಲಿಟರಿ ಬಂದೂಕು. ಮೊದಲ ನಿಮಿಷದಲ್ಲಿ ಕರ್ರಗೆ, ಜಿಡ್ಡು ಜಿಡ್ಡಾಗಿ ಮೇಜಿನ ಮೇಲೆ ಬಿದ್ದಿರುತ್ತೆ. ಇಪ್ಪತ್ತನೇ ನಿಮಿಷಕ್ಕೆ ಮದುವಣಗಿತ್ತಿ ಥರ ಪಳಪಳ ಅಂತಿರುತ್ತೆ. ಕೆಳಗಡೆ ಜನ ಸಾಲುಸಾಲಾಗಿ ಶಭಾಷ್ ಅಂದಿರ್ತಾರೆ. ಸುತ್ತಿಗೆ, ಮಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ಬಂದೂಕಿನ ವಿಡಿಯೋ ನೋಡಿದಾಗ ಮಾತ್ರ ಹೊಟ್ಟೆ ಉರಿಯುತ್ತೆ.

ಮೊದಲೇ ಹೇಳಿಬಿಡ್ತೀನಿ, ನಾನು ಬಂದೂಕು ಪ್ರೇಮಿ ಅಲ್ಲ. ಈ ಅಮೆರಿಕದಲ್ಲಿ ದಿನಾ ಬರೋ ಸುದ್ದಿ ನೋಡಿದ ಮೇಲೆ ಆ ಪ್ರೇಮ ಹುಟ್ಟೋದೂ ಕಷ್ಟ. ಎಚ್-1ಬಿ ವೀಸಾದವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕು ಕೊಳ್ಳೋ ಹಾಗೂ ಇಲ್ಲ. 'ಹಾಗಾದ್ರೆ ನಿನಗ್ಯಾಕಪ್ಪಾ ಊರ ಉಸಾಬರಿ?' ಅಂತೀರಾ? ಹೇಳ್ತೀನಿ ಕೇಳಿ.

ಇಲ್ಲಿ 'ಮಿಲಿಟರಿ ಸರ್‌ಪ್ಲಸ್' ಅಂತ ಒಂದು ವ್ಯಾಪಾರ ಇದೆ. ಬೇರೆ ಬೇರೆ ದೇಶದ ಸೈನ್ಯಗಳು ಬಳಸಿ ಬಿಟ್ಟ ಬಂದೂಕುಗಳನ್ನು ಸಗಟಾಗಿ ತಂದು ಮಾರೋದು. 1968ರ ಕಾನೂನು ಈ ಆಮದಿಗೆ ತಡೆ ಹಾಕಿತ್ತು. 80ರ ದಶಕದಲ್ಲಿ, ಹಳೇ ಸಂಗ್ರಹಯೋಗ್ಯ ವಸ್ತುಗಳು ಅನ್ನೋ ಲೆಕ್ಕದಲ್ಲಿ ಬಾಗಿಲು ಮತ್ತೆ ತೆರೀತು. ಜರ್ಮನಿಯದು, ರಶಿಯಾದ್ದು, ಇಂಗ್ಲೆಂಡಿನದು ಎಲ್ಲಾ ಬಂತು. ಅದರ ಜೊತೆಗೆ ನಮ್ಮದೂ ಬಂತು. ಹೌದು, ನಮ್ಮದೇ. ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿಯಲ್ಲಿ ತಯಾರಾದ 2ಎ1 ಅನ್ನೋ ರೈಫಲ್.

ಈ 2ಎ1ರ ಕಥೆ ನಮ್ಮ ಇಂಜಿನಿಯರಿಂಗ್ ಕಾಲೇಜಲ್ಲಿ ಯಾರೂ ಹೇಳಿಕೊಡಲಿಲ್ಲ. 1962ರಲ್ಲಿ ಚೀನಾ ಜೊತೆ ಯುದ್ಧ ಆದಾಗ ನಮ್ಮ ಜವಾನರ ಕೈಲಿದ್ದದ್ದು ಬ್ರಿಟಿಷರ ಕಾಲದ ತ್ರೀ-ನಾಟ್-ತ್ರೀ. ಒಂದು ಗುಂಡು ಹಾರಿಸಿ, ಕೈಯಲ್ಲಿ ಬೋಲ್ಟ್ ಎಳೆದು, ಮತ್ತೆ ಇನ್ನೊಂದು. ಹೊಸ ಸೆಲ್ಫ್ ಲೋಡಿಂಗ್ ರೈಫಲ್ ಎಲ್ಲರಿಗೂ ಸಿಗೋವರೆಗೆ ಏನು ಮಾಡೋದು? ಇಶಾಪುರದವರು ತಮಗೆ ಕೈ ಪಳಗಿದ್ದ ಹಳೇ ಲೀ-ಎನ್‌ಫೀಲ್ಡ್ ವಿನ್ಯಾಸವನ್ನೇ ತಗೊಂಡು, ಇನ್ನೂ ಗಟ್ಟಿ ಉಕ್ಕು ಬಳಸಿ, ಹೊಸ 7.62 ಮಿ.ಮೀ. ಗುಂಡಿಗೆ ತಕ್ಕ ಹಾಗೆ ಹೊಸದಾಗಿ ತಯಾರಿಸಿದರು. ಮೊದಲ 2ಎ ಮಾದರಿಯ ಗುರಿಪಟ್ಟಿಯಲ್ಲಿ 2000ದವರೆಗೆ ಅಂಕಿ ಇತ್ತು. ಆಮೇಲಿನ 2ಎ1ರಲ್ಲಿ ಅದು 800 ಆಯ್ತು. ಜಗತ್ತೆಲ್ಲಾ ಆಟೊಮ್ಯಾಟಿಕ್ ಕಡೆ ಹೊರಟಿದ್ದಾಗ ನಾವು ಹೊಸದಾಗಿ ಬೋಲ್ಟ್ ರೈಫಲ್ ಮಾಡ್ತಿದ್ವಿ. ನಗುವವರು ನಗಲಿ. ನನಗೆ ಅದರಲ್ಲಿ ಕಾಣೋದು ಡೆಡ್‌ಲೈನ್ ತಲೆ ಮೇಲೆ ಕೂತಾಗ ಕೈಲಿರೋ ಹಳೇ ಕೋಡನ್ನೇ ಜಾಣತನದಿಂದ ಹೊಸ ಪ್ಲಾಟ್‌ಫಾರ್ಮಿಗೆ ಪೋರ್ಟ್ ಮಾಡಿದ ಒಂದು ತಂಡ.

ಈ ಬಂದೂಕಿನ ಜೊತೆ ಯಾವ ಕಾಗದ ಪತ್ರವೂ ಬರೋದಿಲ್ಲ. ಯಾವ ರೆಜಿಮೆಂಟು, ಯಾವ ಠಾಣೆ, ಯಾರ ಹೆಗಲು, ಒಂದೂ ಗೊತ್ತಾಗಲ್ಲ. ಇರೋದೆಲ್ಲಾ ಅದರ ಮೈ ಮೇಲೆ. ಕಬ್ಬಿಣದ ಮೇಲೆ ಆರ್‌ಎಫ್‌ಐ ಅಂತ ಫ್ಯಾಕ್ಟರಿ ಹೆಸರು, ಇಸವಿ. ಅಲ್ಲಲ್ಲಿ ಪುಟ್ಟ ಅಶೋಕ ಸಿಂಹದ ಮುದ್ರೆ. ಬೋಲ್ಟಿನ ಮೇಲೊಂದು, ಮೈ ಮೇಲೊಂದು ನಂಬರು, ಇದು ಇದರದ್ದೇ ಅಂತ ಹೇಳೋಕೆ. ಮರದ ಮೇಲೆ ಬಣ್ಣದಲ್ಲೋ ಅಚ್ಚಿನಲ್ಲೋ ಶಸ್ತ್ರಾಗಾರದ ಸಾಲಿನ ನಂಬರು. ನಮ್ಮನೆ ಸ್ಟೀಲ್ ಪಾತ್ರೆ ಮೇಲೆ ಚುಕ್ಕಿ ಚುಕ್ಕಿಯಾಗಿ 'ಇಂಥವರ ಮದುವೆಗೆ ಇಂಥವರ ಉಡುಗೊರೆ' ಅಂತ ಕೊರೆಸಿರ್ತಾರಲ್ಲ, ಹಾಗೆ. ಆ ಚುಕ್ಕಿಗಳನ್ನು ಉಜ್ಜಿ ಅಳಿಸಿ 'ನೋಡಿ ಅಜ್ಜಿ, ಪಾತ್ರೆ ಹೊಸದು ಮಾಡಿದೆ' ಅಂತ ನಿಮ್ಮಜ್ಜಿ ಮುಂದೆ ಹಿಡೀರಿ ನೋಡೋಣ. ಸೌಟು ಬೀಳುತ್ತೆ :-)

ಗರಾಜಿನ ಶೂರರು ಮಾಡ್ತಿರೋದು ಅದನ್ನೇ. ಮೂರು ಪಾಪಗಳನ್ನು ಮಾತ್ರ ಇಲ್ಲಿ ಪಟ್ಟಿ ಮಾಡ್ತೀನಿ.

ಒಂದು: ಮರಕ್ಕೆ ಸ್ಯಾಂಡ್ ಪೇಪರ್. ಅಚ್ಚೊತ್ತಿದ ಮುದ್ರೆಯ ಆಳ ಎಷ್ಟು? ಉಗುರಿಗೆ ತಗಲೋ ಅಷ್ಟು. ಹತ್ತು ನಿಮಿಷ ಉಜ್ಜಿದರೆ ಐವತ್ತು ಅರವತ್ತು ವರ್ಷ ಉಳಿದಿದ್ದ ಗುರುತು ನೆಲದ ಮೇಲೆ ಪುಡಿಯಾಗಿ ಬಿದ್ದಿರುತ್ತೆ. ಆಮೇಲೆ ಮರ ಸವೆದು ಕಬ್ಬಿಣಕ್ಕಿಂತ ಕೆಳಗಿಳಿಯುತ್ತೆ, ಎರಡೂ ಸೇರೋ ಜಾಗ ಹಲ್ಲು ಬಿಟ್ಟುಕೊಳ್ಳುತ್ತೆ.

ಎರಡು: ಕಬ್ಬಿಣಕ್ಕೆ ಬಫಿಂಗ್ ಚಕ್ರ. 'ಯಾರೋ ದಡ್ಡ ಕಪ್ಪು ಪೇಂಟ್ ಬಳಿದಿದ್ದಾನೆ' ಅಂತ ಕೆರೆದು ತೆಗೀತಾರೆ. ಅಯ್ಯಾ, ಇಶಾಪುರದ ಕೈಯಿಂದ ಬಂದ ಈ ರೈಫಲ್‌ಗಳಿಗೆ ಅದೇ ಕಪ್ಪು ಬಣ್ಣದ ಲೇಪ ಇರೋದು. ನಮ್ಮ ಹವೆಯಲ್ಲಿ, ಮಳೆಗಾಲದಲ್ಲಿ ತುಕ್ಕು ಹಿಡೀದಿರಲಿ ಅಂತ. ಅದನ್ನು ತೆಗೆದು ಬಾಟಲಿಯ 'ಕೋಲ್ಡ್ ಬ್ಲೂ' ಒರೆಸಿದರೆ ಬರೋದು ತೆಳು ನೀಲಿ. ಆ ಬಂದೂಕಿಗೆ ಎಂದೂ ಇಲ್ಲದಿದ್ದ ಬಣ್ಣ.

ಮೂರು: 'ರಿಪೇರಿಯನ್ನು ರಿಪೇರಿ' ಮಾಡೋದು. ಇಂಡಿಯಾದ ಬಂದೂಕುಗಳ ಮುಂಭಾಗದ ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಇರುತ್ತೆ. ಹೊಡೆತಕ್ಕೆ ಮರ ಸೀಳದಿರಲಿ ಅಂತ ಹಾಕಿದ ಉಪಾಯ. ಇಲ್ಲಿನ ಸಂಗ್ರಾಹಕರು ಅದನ್ನು 'ಇಶಾಪುರ್ ಸ್ಕ್ರೂ' ಅಂತಲೇ ಕರೀತಾರೆ. ಮರ ಸೀಳಿದ ಕಡೆ ಬೇರೆ ಮರದ ತೇಪೆ ಹಾಕಿರೋದೂ ಉಂಟು. ಎಸೆಯೋ ಬದಲು ತೇಪೆ ಹಾಕಿ ಇನ್ನಷ್ಟು ವರ್ಷ ಬಳಸೋದು ಯಾವ ದೇಶದ ಬುದ್ಧಿ ಅಂತ ನಮಗೆ ಬೇರೆ ಹೇಳಬೇಕಾ? ವಿಡಿಯೋದ ಅಣ್ಣ ಆ ಸ್ಕ್ರೂ ಕಿತ್ತು, ತೂತಿಗೆ ಎಪಾಕ್ಸಿ ತುಂಬಿ, ಮೇಲೆ ಪಾಲಿಯುರೆಥೇನ್ ವಾರ್ನಿಶ್ ಹೊಡೀತಾನೆ. ಡೈನಿಂಗ್ ಟೇಬಲ್ ಆಯ್ತು ನೋಡಿ!

ಈಗ ವಾದಗಳು. 'ನನ್ನ ದುಡ್ಡು, ನನ್ನ ವಸ್ತು' ಅನ್ನೋದು ಮೊದಲನೇದು. ಸರಿ, ಕಾನೂನು ನಿಮ್ಮ ಕಡೆನೇ ಇದೆ. ಆದರೆ ಅದಕ್ಕೆ 'ರಿಸ್ಟೊರೇಶನ್' ಅಂತ ಹೆಸರಿಡಬೇಡಿ. ರಿಸ್ಟೋರ್ ಅಂದರೆ ಮೊದಲಿನ ಸ್ಥಿತಿಗೆ ತರೋದು. ಮೊದಲು ಹೇಗಿತ್ತು ಅಂತ ತಿಳ್ಕೊಳ್ಳದೆ ತರೋದು ಎಲ್ಲಿಗೆ?

'ಲಕ್ಷಗಟ್ಟಲೆ ಇವೆ, ಒಂದು ಹೋದರೇನಂತೆ' ಅನ್ನೋದು ಎರಡನೇದು. ರಶಿಯಾದ ಮೋಸಿನ್-ನಾಗಾಂತ್ ರೈಫಲ್ ಬಗ್ಗೆ ಇದೇ ಮಾತು ಹೇಳ್ತಿದ್ದರು. ಕೋಟಿಗಟ್ಟಲೆ ತಯಾರಾದ ಬಂದೂಕು, 2000ದ ದಶಕದಲ್ಲಿ ನೂರು ಡಾಲರಿಗೂ ಕಮ್ಮಿಗೆ ಸಿಗ್ತಿತ್ತು. ಜನ ಕತ್ತರಿಸಿದರು, ಕೊರೆದರು, ಪ್ಲಾಸ್ಟಿಕ್ ಹಿಡಿ ತೊಡಿಸಿದರು. ಆಮೇಲೆ ಆಮದು ನಿಂತಿತು, ಈಗ ಅದರ ಹಲವು ಪಟ್ಟು ಬೆಲೆ. ಕತ್ತರಿಸಿದ ಮೇಲೆ ಅಂಟಿಸೋಕಾಗುತ್ತಾ?

ಮೂರನೇ ವಾದ ಸ್ವಲ್ಪ ಗಟ್ಟಿ. 'ಸೋವಿಯತ್ ಶಸ್ತ್ರಾಗಾರದವರೇ ಯುದ್ಧ ಮುಗಿದ ಮೇಲೆ ಹಳೇ ಮೋಸಿನ್‌ಗಳನ್ನು ಬಿಚ್ಚಿ, ಹೊಸ ಮೆರುಗು ಕೊಟ್ಟು ಇಟ್ಟರಲ್ಲ, ನಾವು ಮಾಡಿದರೇನು ತಪ್ಪು?' ಮಾಡಿದರು, ನಿಜ. ಮಾಡಿದ್ದಕ್ಕೆ ಮುದ್ರೆಯನ್ನೂ ಒತ್ತಿದರು. ಮರದ ಮೇಲೆ ಹಚ್ಚಿದ ಆ ಕೆಂಪು ಹೊಳಪಿನ ಶೆಲ್ಯಾಕ್ ಅಂದರೆ ಅರಗು ಕಣ್ರೀ, ನಮ್ಮ ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡೋ ಅದೇ ಅರಗು. ಅದು ಆ ಬಂದೂಕಿನ ಸೇವೆಯ ಒಂದು ಅಧ್ಯಾಯ. ನೀವು ಭಾನುವಾರ ಮಧ್ಯಾಹ್ನ ಹೊಡೆಯೋ ವಾರ್ನಿಶ್ ಆ ಅಧ್ಯಾಯ ಹರಿದು ಹಾಕೋ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಅವರು ಲಾಗ್ ಫೈಲಿಗೆ ಒಂದು ಸಾಲು ಸೇರಿಸಿದರು, ನೀವು ಲಾಗ್ ಫೈಲನ್ನೇ ಡಿಲೀಟ್ ಮಾಡ್ತಿದ್ದೀರಿ. ಬ್ಯಾಕಪ್ ಇಲ್ಲದೆ.

ಹಾಗಂತ ತುಕ್ಕು ಹಿಡಿಯೋಕೆ ಬಿಡಿ ಅಂತ ನಾನು ಹೇಳ್ತಿಲ್ಲ. ಒಳಗೆ ಗುಂಡಿಲ್ಲ ಅಂತ ಎರಡು ಸಲ ನೋಡಿ. ಮುಟ್ಟೋಕೆ ಮುಂಚೆ ಎಲ್ಲಾ ಮುದ್ರೆಗಳ ಫೋಟೋ ತೆಗೀರಿ. ಜಿಡ್ಡನ್ನು ಬಿಸಿಲಲ್ಲಿಟ್ಟು ಕರಗಿಸಿ, ಮಿನರಲ್ ಸ್ಪಿರಿಟ್‌ನಲ್ಲಿ ಒರೆಸಿ. ಕೆಂಪು ತುಕ್ಕು ಇದ್ದ ಕಡೆ ಮಾತ್ರ ಎಣ್ಣೆ ಹಾಕಿ, ಅತಿ ಸಣ್ಣ ಸ್ಟೀಲ್ ಉಣ್ಣೆಯಿಂದ ಮೆಲ್ಲಗೆ ಉಜ್ಜಿ. ಒಣಗಿ ಬರಿದಾದ ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಒಂದು ಕೈ. ಆ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಹೊತ್ತಿಕೊಳ್ಳುತ್ತೆ. ಬಿಡಿಸಿ ಹೊರಗೆ ಹರವಿ. ಹಾರಿಸೋ ಆಸೆ ಇದ್ದರೆ ತಿಳಿದ ಗನ್‌ಸ್ಮಿತ್‌ಗೆ ತೋರಿಸಿ, ಬೋಲ್ಟು ನಳಿಗೆಗೆ ಸರಿಯಾಗಿ ಕೂರುತ್ತಾ ಅಂತ ಗೇಜು ಹಾಕಿ ಅಳತೆ ನೋಡಿಸಿ. ಅಷ್ಟೇ, ಮುಗೀತು. ಪಳಪಳ ಬೇಕೇ ಬೇಕು ಅಂದರೆ ಹೊಸ ಮರ ತಂದು ತೊಡಿಸಿ, ಹಳೇದನ್ನು ಜೋಪಾನವಾಗಿ ಎತ್ತಿಡಿ. ಹಿಂದಕ್ಕೆ ತಗೊಳ್ಳೋಕಾಗದ ಕೆಲಸ ಮಾತ್ರ ಬೇಡ.

ಕೊಡಗಿನ ಗೆಳೆಯರಿಗೆ ಇದನ್ನು ಹೇಳಬೇಕಾಗಿಲ್ಲ. ಕೈಲ್ ಮುಹೂರ್ತಕ್ಕೆ ಬಂದೂಕನ್ನು ಒರೆಸಿ, ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಶೃಂಗಾರಕ್ಕೆ ಒಂದು ಹೂವು ಸಾಕು.

ಮತ್ತೆ ಮೊದಲಿನ ಪ್ರಶ್ನೆ, ನನಗ್ಯಾಕೆ ಉಸಾಬರಿ? .303, 7.62 ಎಲ್ಲಾ ಇಂಡಿಯಾದಲ್ಲಿ ನಿಷೇಧಿತ ಬೋರ್, ಸಾಮಾನ್ಯರು ಇಟ್ಟುಕೊಳ್ಳೋ ಹಾಗಿಲ್ಲ. ಅದು ಸರಿಯೇ, ನನಗೆ ಬೇಜಾರಿಲ್ಲ. 2020ರ ಗಣರಾಜ್ಯೋತ್ಸವದ ಹೊತ್ತಿಗೆ ಉತ್ತರ ಪ್ರದೇಶದ ಪೊಲೀಸರೂ ತ್ರೀ-ನಾಟ್-ತ್ರೀಗೆ ವಿದಾಯ ಹೇಳಿದರು. ಹಾಗಾಗಿ ಇಶಾಪುರದ ಕಾರ್ಮಿಕನ ಕೈಕೆಲಸವನ್ನು ಒಬ್ಬ ಸಾಮಾನ್ಯ ಮನುಷ್ಯ ಗಾಜಿನ ಪೆಟ್ಟಿಗೆಯಾಚೆ, ಕೈಯಲ್ಲಿ ಹಿಡಿದು ನೋಡಬಹುದಾದ ಜಾಗ ಅಂದರೆ ಒಹಾಯೋ, ಟೆಕ್ಸಾಸ್‌ನ ಗರಾಜುಗಳು. ಅಲ್ಲೇ ಅದು ಸ್ಯಾಂಡ್ ಪೇಪರಿಗೆ ಸಿಕ್ಕಿ ಪುಡಿ ಆಗ್ತಿದೆ. ಅಮೆರಿಕದವನಿಗೆ ಆ ಸಿಂಹದ ಮುದ್ರೆ ಒಂದು ಗೀರು. ನಮಗೂ ಹಾಗೇನಾ?

ನೀವು ಈ ಕಡೆ ಇದ್ದು, ನಿಮ್ಮ ಆಫೀಸಲ್ಲಿ ಯಾರಾದರೂ 'ನನ್ನ ಹತ್ರ ಒಂದು ಇಂಡಿಯನ್ ಎನ್‌ಫೀಲ್ಡ್ ಇದೆ, ರಿಫಿನಿಶ್ ಮಾಡ್ತಿದ್ದೀನಿ' ಅಂದರೆ, ಬುಲೆಟ್ ಬೈಕಿನ ಬಗ್ಗೆ ಅಲ್ಲ ಅಂತ ಖಾತ್ರಿ ಮಾಡಿಕೊಂಡು :-) ಆ ಮುದ್ರೆಗಳು ಏನು ಅಂತ ಐದು ನಿಮಿಷ ಹೇಳಿ. ಮನೆಯಲ್ಲಿ ಅಜ್ಜನದೋ ಮಾವನದೋ ಮಿಲಿಟರಿ ಟ್ರಂಕು, ಬೆಲ್ಟು, ನೀರಿನ ಬಾಟಲಿ ಇದ್ದರೆ ಅದಕ್ಕೂ ಇದೇ ಮಾತು. ಪೇಂಟ್ ಡಬ್ಬ ತೆಗೆಯೋಕೆ ಮುಂಚೆ ಮೇಲೆ ಏನು ಬರೆದಿದೆ ಅಂತ ಓದಿ.

ಏನಂತೀರಿ? ಜಗಳಕ್ಕೂ ಸ್ವಾಗತ.