ಕಿರುರೈಲಿನ ಪ್ರಮಾಣ

‘ಪ್ರಮಾಣ’ ಎಂಬ ಶಬ್ದಕ್ಕೆ ಅಳತೆಯೆಂಬುದೂ ಅರ್ಥ, ಆಧಾರವೆಂಬುದೂ ಅರ್ಥ. ಗತಕಾಲದ ರೈಲುಮಾರ್ಗವೊಂದರ ಪ್ರತಿಕೃತಿಯನ್ನು ಮೇಜಿನ ಮೇಲೆ ಕಟ್ಟಹೊರಟವನಿಗೆ ಈ ಎರಡರ್ಥಗಳೂ ಏಕಕಾಲದಲ್ಲಿ ಬೇಕಾಗುತ್ತವೆ. ಶಾಲೆಗಳ ವಸ್ತುಪ್ರದರ್ಶನಗಳಲ್ಲಿ ಕಾಣಸಿಗುವ ಕಿರುರೈಲುಗಳಲ್ಲಿ ಬಹುಮಟ್ಟಿಗೆ ಎರಡೂ ಇರುವುದಿಲ್ಲ. ಅಂಗಡಿಯಿಂದ ತಂದ ಎಂಜಿನು, ಥರ್ಮೊಕೋಲಿನ ಬೆಟ್ಟ, ಯಾವ ಊರಿಗೂ ಸೇರದ ನಿಲ್ದಾಣ! ವಿದ್ಯುತ್ತು ಹರಿದೊಡನೆ ಬಂಡಿ ಸುತ್ತುತ್ತದೆ, ನೆರೆದವರು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು.

ಬೇರೊಂದು ದಾರಿ ಉಂಟೆಂಬುದಕ್ಕೆ ಇಂಗ್ಲೆಂಡಿನ ಲಾಂಗ್ ವಿಟೆನ್‌ಹ್ಯಾಮ್ ಗ್ರಾಮದಲ್ಲಿರುವ ಪೆಂಡನ್ ವಸ್ತುಸಂಗ್ರಹಾಲಯವು ಸಾಕ್ಷಿಯಾಗಿದೆ. 1925ರಲ್ಲಿ ಆಸ್ಟ್ರೇಲಿಯದಿಂದ ಬಂದ ರಾಯ್ ಇಂಗ್ಲೆಂಡ್ ಎಂಬ ತರುಣರು (ದೇಶದ ಹೆಸರೇ ಮನೆತನದ ಹೆಸರೂ ಆಗಿತ್ತು) ‘ವೇಲ್ ಆಫ್ ವೈಟ್ ಹಾರ್ಸ್’ ಎಂಬ ಕಣಿವೆಯ ಹಳ್ಳಿಗಳಿಗೆ ಮನಸೋತರು. ಅವರ ಕಣ್ಣೆದುರಿಗೇ ಹುಲ್ಲಿನ ಮಾಡುಗಳು ಇಳಿದು ತಗಡಿನ ಹೊದಿಕೆಗಳು ಏರತೊಡಗಿದವು. ಅವನ್ನು ತಡೆಯುವ ಅಧಿಕಾರವಾಗಲಿ ಹಣವಾಗಲಿ ಅವರಲ್ಲಿರಲಿಲ್ಲ. ಮನೆಗಳನ್ನು ಅಳೆದು, ಛಾಯಾಚಿತ್ರ ತೆಗೆದು, ಒಂದು ಅಡಿಗೆ 4 ಮಿಲಿಮೀಟರಿನಂತೆ ರಟ್ಟಿನಲ್ಲಿ ಕತ್ತರಿಸಿ, ಜಲವರ್ಣ ಬಳಿದು ಮರಳಿ ಕಟ್ಟಿದರು. 1954ರಲ್ಲಿ ಸಂಗ್ರಹಾಲಯ ಆರಂಭವಾಯಿತು. 1995ರಲ್ಲಿ ಅವರು ತೀರಿಕೊಂಡ ಮೇಲೆಯೂ ಸ್ವಯಂಸೇವಕರು ಆ ಕಾಯಕವನ್ನು ನಡೆಸಿಕೊಂಡು ಬಂದಿದ್ದಾರೆ. ಅಲ್ಲಿ ಗ್ರೇಟ್ ವೆಸ್ಟರ್ನ್ ರೈಲುಗಳು ಓಡುವ ದೃಶ್ಯದ ಹಳ್ಳಿ ಕಲ್ಪಿತ. ಅದರ ಮನೆಗಳು ಮಾತ್ರ ನಿಜವಾದ ಊರುಗಳಿಂದ ಆಯ್ದವು. ನಮ್ಮ ಲಾಕ್ಷಣಿಕರು ಇತಿವೃತ್ತವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ವಿಂಗಡಿಸಿದರಷ್ಟೆ, ಇದು ಮಿಶ್ರ. ಮಿಶ್ರವೆಂದು ಒಪ್ಪಿಕೊಂಡು ಕಟ್ಟಿದ್ದರಿಂದ ದೋಷವಿಲ್ಲ.

ಕನ್ನಡನಾಡಿನ ಶಾಲೆಗಳಿಗೆ ಇದು ಸಮುದ್ರದಾಚೆಯ ಸುದ್ದಿಯಾಗಿ ಉಳಿಯಬೇಕಾಗಿಲ್ಲ. 1876–78ರ ಕ್ಷಾಮದ ತರುವಾಯ, ಕ್ಷಾಮಪೀಡಿತ ಸೀಮೆಗೆ ಧಾನ್ಯ ಮುಟ್ಟಿಸುವ ಉದ್ದೇಶದಿಂದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಗದಗಿನಿಂದ ಬಾಗಲಕೋಟೆ, ವಿಜಯಪುರಗಳ ಮೇಲೆ ಹೊಟಗಿಗೆ ಮೀಟರ್‌ಗೇಜ್ ಹಳಿ ಹಾಕಿತು. ಇಂದು ಅದು 1,676 ಮಿಲಿಮೀಟರಿನ ಬ್ರಾಡ್‌ಗೇಜ್ ಮಾರ್ಗ. ಹಳಿಯ ಅಗಲ ಬದಲಾದದ್ದು ಸಲ್ಲಬೇಕಾದ್ದೇ. ಅದಕ್ಕೆ ಅಳುವುದು ವ್ಯರ್ಥ. ಆದರೆ ಆ ಹಳೆಯ ಮಾರ್ಗ ಹೇಗೆ ನಡೆಯುತ್ತಿತ್ತೆಂಬುದನ್ನು ಕೈಯಾರೆ ಬಲ್ಲವರು ಈಗ ಬೆರಳೆಣಿಕೆಗೆ ಬಂದಿದ್ದಾರೆ.

ಇಂಥದೊಂದು ನಿಲ್ದಾಣವನ್ನು ಕಟ್ಟುವ ಶಾಲೆ ಮೊದಲು ಗಣಿತವನ್ನು ಸರಿಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ 16.5 ಮಿಲಿಮೀಟರಿನ ಹಳಿ ಯುರೋಪಿನ 1,435 ಮಿಲಿಮೀಟರಿನ ಮಾರ್ಗಕ್ಕೆ 87ರಲ್ಲೊಂದು ಪಾಲು. ಅದನ್ನೇ ಮೀಟರ್‌ಗೇಜ್ ಎನ್ನಬೇಕಾದರೆ ಉಳಿದೆಲ್ಲವನ್ನೂ 60ರಲ್ಲೊಂದು ಪಾಲಿನಂತೆ ಮಾಡಬೇಕು. ಆಗ ವ್ಯತ್ಯಾಸ ಕೂದಲೆಳೆಯಷ್ಟೆ. 240 ಮೀಟರಿನ ಪ್ಲಾಟ್‌ಫಾರಂ ಆಗಲೂ 4 ಮೀಟರ್ ಆಗುತ್ತದೆ. ಕೋಣೆ ಸಾಲದೆ ಅದನ್ನು ಮೊಟಕುಗೊಳಿಸಿದರೆ ಫಲಕದಲ್ಲಿ ಹಾಗೆಂದು ಬರೆಯತಕ್ಕದ್ದು. ಕಾಲವನ್ನೂ ಗೊತ್ತುಮಾಡಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದ ದೃಶ್ಯದಲ್ಲಿ ಸ್ವಾತಂತ್ರ್ಯಾನಂತರದ ವೈ.ಪಿ. ಎಂಜಿನು ಓಡಿಸಿದರೆ ಪಂಪನ ಕೈಗೆ ಫೌಂಟನ್ ಪೆನ್ನು ಕೊಟ್ಟಂತಾಗುತ್ತದೆ.

ದಾನಿಗಳಿಗೆ ಇಲ್ಲೊಂದು ಮಾತು ಹೇಳದೆ ನಿರ್ವಾಹವಿಲ್ಲ. ಎಂಜಿನು ಕೊಡಿಸಿ ಅದರ ಕೆಳಗೆ ಹೆಸರು ಕೆತ್ತಿಸಲು ಮುಂದೆ ಬರುವವರು ಹಲವರು. ಅಳತೆಪಟ್ಟಿ, ಛಾಯಾಚಿತ್ರ, ವಿದ್ಯಾರ್ಥಿಗಳ ಪ್ರಯಾಣದ ವೆಚ್ಚಕ್ಕೆ ಕೊಡುವವರು ವಿರಳ. ಮೊದಲ ರೂಪಾಯಿ ಸಲ್ಲಬೇಕಾದದ್ದು ಎರಡನೆಯದಕ್ಕೆ. ಎಂಜಿನು ಮುಂದಿನ ವರ್ಷವೂ ಅಂಗಡಿಯಲ್ಲಿರುತ್ತದೆ.

ಉದಾಹರಣೆಗೆ, ಒಂಟಿಹಳಿಯ ಮಾರ್ಗದ ಟೋಕನ್ ಯಂತ್ರ. ಎರಡು ನಿಲ್ದಾಣಗಳ ಯಂತ್ರಗಳಿಗೆ ತಂತಿಯ ನಂಟು. ಒಂದು ಉಕ್ಕಿನ ಗುಂಡು ಹೊರಬಂದ ಮೇಲೆ ಅದು ಮರಳಿ ಯಂತ್ರಕ್ಕೆ ಬೀಳುವವರೆಗೆ ಇನ್ನೊಂದು ಎರಡೂ ಕಡೆಯಿಂದ ಹೊರಬಾರದು. ಆದ್ದರಿಂದ ಎದುರುಬದುರಾಗಿ ಎರಡು ಬಂಡಿಗಳು ಬರುವಂತಿಲ್ಲ. ಇದರ ತತ್ತ್ವವನ್ನು ಪ್ರೌಢಶಾಲೆಯ ಬಾಲಕರು ತಂತಿ, ವಿದ್ಯುತ್ಕಾಂತಗಳಿಂದ ಕಟ್ಟಿ ತೋರಿಸಬಲ್ಲರು. ಆ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಬೆತ್ತದ ಬಳೆಗೆ ಬಿಗಿದು, ಓಡುವ ಎಂಜಿನಿನ ಚಾಲಕನ ತೋಳಿಗೆ ಸಿಗುವಂತೆ ಎತ್ತಿಹಿಡಿಯುತ್ತಿದ್ದ ಪಾಯಿಂಟ್ಸ್‌ಮನ್ ಅಜ್ಜಂದಿರು ಆ ಮಾರ್ಗದ ಊರುಗಳಲ್ಲಿ ಇನ್ನೂ ಕೆಲವರಿದ್ದಾರು. ಬಳೆ ಎಷ್ಟು ಅಗಲವಿತ್ತು, ರಾತ್ರಿ ದೀಪ ಎಲ್ಲಿ ಹಿಡಿಯುತ್ತಿದ್ದರು ಎಂದು ಅವರನ್ನು ಕೇಳಲು ಬಾಲಕರು ಹೊರಡಬೇಕಾದದ್ದು ಬರುವ ಬೇಸಗೆಯ ರಜೆಯಲ್ಲಿಯೇ.