ತೀರ್ಪು ಕೊಡದಿರುವುದೂ ಒಂದು ತೀರ್ಪೇ

2018ರ ಮೇ 17ರ ನಸುಕಿನಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತೆರೆದೇ ಇತ್ತು. ಬೆಳಗಾದರೆ ಬೆಂಗಳೂರಿನಲ್ಲಿ ಯಡಿಯೂರಪ್ಪನವರ ಪ್ರಮಾಣವಚನ. ಮೂವರು ನ್ಯಾಯಮೂರ್ತಿಗಳು ನಿದ್ದೆಗೆಟ್ಟು ವಾದ ಕೇಳಿದರು. ಪ್ರಮಾಣವಚನ ತಡೆಯಲಿಲ್ಲ, ಆದರೆ ಮರುದಿನವೇ, 19ರ ಸಂಜೆ ನಾಲ್ಕಕ್ಕೆ ಬಹುಮತ ಸಾಬೀತು ಮಾಡಿ ಎಂದರು. ರಾಜ್ಯಪಾಲರು ಕೊಟ್ಟಿದ್ದು 15 ದಿನ. ಮತಕ್ಕೆ ಹಾಕುವ ಮೊದಲೇ ಸರಕಾರ ರಾಜೀನಾಮೆ ಕೊಟ್ಟಿತು.

ಕೋರ್ಟು ಮನಸ್ಸು ಮಾಡಿದರೆ ಮೂರು ದಿನದಲ್ಲಿ ಏನು ಮಾಡಬಹುದು ಎಂಬುದು ಕನ್ನಡಿಗರಿಗೆ ಹೀಗೆ ಗೊತ್ತಾಯಿತು. ಮನಸ್ಸು ಮಾಡದಿದ್ದರೆ ಏನಾಗುತ್ತದೆ ಎಂಬುದರ ಬಗ್ಗೆ ನಾವು ಸಾಕಷ್ಟು ಮಾತಾಡಿಲ್ಲ.

ನೋಟು ರದ್ದತಿಯನ್ನೇ ನೋಡಿ. 2016ರ ಡಿಸೆಂಬರಿನಲ್ಲೇ ಪ್ರಶ್ನೆಯನ್ನು ಐವರ ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು. ತೀರ್ಪು ಬಂದದ್ದು 2023ರ ಜನವರಿ 2ರಂದು. ನಾಲ್ವರು ಸರಕಾರ ಮಾಡಿದ್ದು ಸರಿ ಎಂದರು. ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ ಅದು ಕಾನೂನುಬಾಹಿರ ಎಂದರು. ಆದರೆ ಅವರೂ ಯಾರಿಗೂ ಏನನ್ನೂ ಮರಳಿಸುವಂತಿರಲಿಲ್ಲ. ಆರು ವರ್ಷ ಕಳೆದುಹೋಗಿತ್ತು. ಐವರೂ ಅವರ ಜೊತೆಗೇ ನಿಂತಿದ್ದರೂ ಫಲ ಅಷ್ಟೇ.

ಚುನಾವಣಾ ಬಾಂಡ್ ಕಥೆ ಇನ್ನೂ ಕಹಿ. ಅರ್ಜಿ 2017ರದು. 2024ರ ಫೆಬ್ರವರಿ 15ರಂದು ಐವರೂ ಒಮ್ಮತದಿಂದ ಯೋಜನೆ ಅಸಾಂವಿಧಾನಿಕ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅಷ್ಟರಲ್ಲಿ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಬಾಂಡು ಮಾರಾಟವಾಗಿತ್ತು, ಒಂದು ಲೋಕಸಭಾ ಚುನಾವಣೆ ಮುಗಿದು ಇನ್ನೊಂದು ಬಾಗಿಲಿಗೆ ಬಂದಿತ್ತು. ಖರ್ಚಾದ ಹಣದಿಂದ ಗೆದ್ದ ಸೀಟುಗಳನ್ನು ಯಾವ ತೀರ್ಪು ವಾಪಸ್ ತರುತ್ತದೆ?

ಉಡುಪಿಯ ಹುಡುಗಿಯರ ಹಿಜಾಬ್ ಪ್ರಕರಣದಲ್ಲಿ 2022ರ ಅಕ್ಟೋಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ದಾರಿ ಹಿಡಿದರು. ದೊಡ್ಡ ಪೀಠ ರಚಿಸುವ ಕೆಲಸ ಮುಖ್ಯ ನ್ಯಾಯಮೂರ್ತಿಗೆ ಹೋಯಿತು. ಪಿಯುಸಿ ಎರಡು ವರ್ಷದ್ದು. ಹುಡುಗಿಯರ ಪಿಯುಸಿ ವಯಸ್ಸು ಮುಗಿಯಿತು, ಪೀಠ ರಚನೆಯಾಗಲಿಲ್ಲ. ಹಿಜಾಬಿನ ಪರವಿರಲಿ ವಿರೋಧವಿರಲಿ, ಇದು ನ್ಯಾಯ ಎನ್ನಲು ನಿಮಗೆ ಬಾಯಿ ಬರುತ್ತದೆಯೇ?

ಮುಂಬೈ, ಪುಣೆಯಲ್ಲಿರುವ ನಮ್ಮವರಿಗಂತೂ ಉದಾಹರಣೆ ದೂರ ಹುಡುಕಬೇಕಿಲ್ಲ. ಬೆಳಗಾವಿಗಾಗಿ ಮಹಾರಾಷ್ಟ್ರ ದಾವೆ ಹಾಕಿದ್ದು 2004ರಲ್ಲಿ. ಗಡಿ ಬದಲಿಸುವುದು ಸಂಸತ್ತಿನ ಕೆಲಸ, ಕೋರ್ಟಿನದಲ್ಲ ಎಂಬುದು ಕರ್ನಾಟಕದ ವಾದ. ದಾವೆ ಕೇಳಬಹುದೇ ಬಾರದೇ ಎಂಬ ಈ ಮೊದಲ ಪ್ರಶ್ನೆಯೇ ಎರಡು ದಶಕ ಕಳೆದರೂ ಇತ್ಯರ್ಥವಾಗಿಲ್ಲ. ಗಡಿ ಬಿಸಿಯಾದಾಗಲೆಲ್ಲ ಬಸ್ಸಿಗೆ ಮಸಿ, ನಿಪ್ಪಾಣಿಯಲ್ಲಿ ಇಳಿದು ಬ್ಯಾಗು ಹೊತ್ತು ಇನ್ನೊಂದು ಬಸ್ಸು ಹುಡುಕುವ ಪಾಡು. ದಾವೆ ಬಾಕಿಯಿರುವಷ್ಟು ಕಾಲ ಎರಡೂ ಕಡೆಯ ರಾಜಕಾರಣಿಗಳಿಗೆ ಸುಗ್ಗಿ.

ಕೇಸಿನ ಹೊರೆ ಹೆಚ್ಚು ಎಂಬ ಉತ್ತರ ಸಿದ್ಧವಿದೆ. 34 ನ್ಯಾಯಮೂರ್ತಿಗಳು, 80 ಸಾವಿರಕ್ಕೂ ಮಿಕ್ಕ ಪ್ರಕರಣಗಳು, ಹೊರೆ ನಿಜ. ಆದರೆ ಸರದಿಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಹೊರೆ ತೀರ್ಮಾನಿಸುವುದಿಲ್ಲ. ಅದನ್ನು ಮನುಷ್ಯರು ತೀರ್ಮಾನಿಸುತ್ತಾರೆ.

ಸಂವಿಧಾನದ 136ನೇ ವಿಧಿಯಡಿ ಯಾವ ಮೇಲ್ಮನವಿಯನ್ನು ಒಳಗೆ ಬಿಡಬೇಕು ಎಂಬುದು ಕೋರ್ಟಿನ ವಿವೇಚನೆ. ಎಷ್ಟೋ ಅರ್ಜಿಗಳು ಕಾರಣವಿಲ್ಲದ ಒಂದು ಸಾಲಿನಲ್ಲಿ ವಜಾ ಆಗುತ್ತವೆ. ಈ ಅಧಿಕಾರಕ್ಕೆ ಮಾರ್ಗಸೂಚಿ ಬೇಕೇ ಎಂಬ ಪ್ರಶ್ನೆ ಬಂದಾಗ, 2016ರಲ್ಲಿ ಐವರ ಪೀಠ ಬೇಡ ಎಂದಿತು. ಒಳಗೆ ಬಂದ ಕೇಸನ್ನು ಯಾವ ಪೀಠಕ್ಕೆ ಕೊಡಬೇಕು ಎಂಬುದು ಮುಖ್ಯ ನ್ಯಾಯಮೂರ್ತಿ ಒಬ್ಬರದೇ ಅಧಿಕಾರ. ಈ ಹಂಚಿಕೆ ಸರಿಯಿಲ್ಲ ಎಂದು 2018ರ ಜನವರಿ 12ರಂದು ನಾಲ್ವರು ಹಿರಿಯ ನ್ಯಾಯಮೂರ್ತಿಗಳೇ ಪತ್ರಿಕಾಗೋಷ್ಠಿ ಕರೆದು ಹೇಳಿದರು. ಅದೇ ಜುಲೈನಲ್ಲಿ, ಹಂಚಿಕೆಯನ್ನು ಕೊಲಿಜಿಯಂಗೆ ಕೊಡಿ ಎಂಬ ಹಿರಿಯ ವಕೀಲ ಶಾಂತಿಭೂಷಣ್ ಅರ್ಜಿಯನ್ನು ಕೋರ್ಟು ತಳ್ಳಿಹಾಕಿತು.

ವ್ಯಾಜ್ಯದ ಹೊಲದಲ್ಲಿ, ಕೇಸು ಮುಗಿಯುವ ತನಕ ಬೆಳೆ ತೆಗೆಯುವವನು ಸ್ವಾಧೀನದಲ್ಲಿರುವವನೇ. ನಾಗರಿಕ ಮತ್ತು ಸರಕಾರದ ವ್ಯಾಜ್ಯದಲ್ಲಿ ಸ್ವಾಧೀನ ಸರಕಾರದ್ದು. ಹಾಗಾಗಿ ವಿಳಂಬಕ್ಕೆ ಪಕ್ಷವಿಲ್ಲ ಎನ್ನುವುದು ಸುಳ್ಳು. ನಾನು ಯಾವ ನ್ಯಾಯಮೂರ್ತಿಯ ಉದ್ದೇಶವನ್ನೂ ಶಂಕಿಸುತ್ತಿಲ್ಲ. ಶಂಕಿಸುವ ಅಗತ್ಯವೂ ಇಲ್ಲ. ಒಳ್ಳೆಯವರ ಕೈಯಲ್ಲಿದ್ದರೂ ನಿಯಮವಿಲ್ಲದ ಅಧಿಕಾರ ನಿಯಮವಿಲ್ಲದ್ದೇ.

ಅಮೆರಿಕದ ಸುಪ್ರೀಂ ಕೋರ್ಟು ವರ್ಷಕ್ಕೆ ಸುಮಾರು 60 ಕೇಸು ಮಾತ್ರ ಪೂರ್ತಿ ವಾದ ಕೇಳಿ ತೀರ್ಮಾನಿಸುತ್ತದೆ. ಒಂಬತ್ತರಲ್ಲಿ ನಾಲ್ವರು ಒಪ್ಪಿದರೆ ಕೇಸು ಒಳಕ್ಕೆ. ಅಷ್ಟು ಬಿಗಿ ನಮಗೆ ಬೇಡ, ನಮ್ಮಲ್ಲಿ ಬಡವನ ಜಾಮೀನೂ ಅಲ್ಲಿಗೆ ಹೋಗಬೇಕಾಗುತ್ತದೆ. ಆದರೆ ಅಕ್ಟೋಬರಿನಿಂದ ಕೇಳಿದ ಕೇಸುಗಳ ತೀರ್ಪನ್ನು ಸಾಮಾನ್ಯವಾಗಿ ಜೂನ್ ಅಂತ್ಯಕ್ಕೋ ಜುಲೈ ಮೊದಲಿಗೋ ಕೊಟ್ಟು ಮುಗಿಸುವ ಅಲ್ಲಿನ ಶಿಸ್ತು ನಮಗೇಕೆ ಬೇಡ?

ಬೇಕಾಗಿರುವುದು ಮೂರು. ಐವರ ಪೀಠವೊಂದು ವರ್ಷವಿಡೀ ಸಂವಿಧಾನದ ಪ್ರಶ್ನೆಗಳನ್ನೇ ಕೇಳಲಿ. ಹಂಚಿಕೆಯನ್ನು ಮುಖ್ಯ ನ್ಯಾಯಮೂರ್ತಿಯ ಜೊತೆ ಇಬ್ಬರು ಹಿರಿಯರು ಸೇರಿ, ಬರೆದಿಟ್ಟ ನಿಯಮದಂತೆ ಮಾಡಲಿ. ಕಾನೂನೊಂದನ್ನು ಪ್ರಶ್ನಿಸಿದ ಅರ್ಜಿ ಆರು ತಿಂಗಳಲ್ಲಿ ವಿಚಾರಣೆಗೆ ಬರದಿದ್ದರೆ, ತಡೆಯಾಜ್ಞೆ ಕೊಡುತ್ತೇವೆಯೋ ಇಲ್ಲವೋ ಎಂಬುದನ್ನಾದರೂ ಕಾರಣ ಸಮೇತ ಬರೆಯಲಿ.

ಇದರಲ್ಲಿ ಯಾವುದಕ್ಕೂ ಸಂವಿಧಾನ ತಿದ್ದಬೇಕಿಲ್ಲ. ಕೋರ್ಟು ತನ್ನ ನಿಯಮಾವಳಿಯನ್ನು ತಾನೇ ತಿದ್ದಿಕೊಂಡರೆ ಸಾಕು. ಎಲ್ಲರಿಗೂ ಕಾರಣ ಕೇಳುವ ಕೋರ್ಟು, ತಾನು ಕೇಳದೆ ಬಿಟ್ಟ ಕೇಸುಗಳಿಗೂ ಕಾರಣ ಹೇಳಲೇಬೇಕು.