ಶ್ಯಾಗಿಯ ಗಂಟಲು ಯಾರ ಆಸ್ತಿ?

(1/5)
ಮೊದಲ ಸ್ಲೈಡ್‌ನಲ್ಲಿರೋ ಹಸಿರು ಅಂಗಿ, ಕುರುಚಲು ಗಡ್ಡದ ಹುಡುಗನನ್ನ ನಿಮಗೆ ಪರಿಚಯ ಮಾಡಿಸಬೇಕಿಲ್ಲ. ಸ್ಕೂಬಿ ಡೂ ಶ್ಯಾಗಿ. 2020ರಲ್ಲಿ ‘ಸ್ಕೂಬ್!’ ಅಂತ ದೊಡ್ಡ ಸಿನಿಮಾ ಬಂತಲ್ಲ, ಅದರಲ್ಲಿ ಇವನ ದನಿ ಬೇರೆಯವರದು. ಅದಕ್ಕೂ ಮುಂಚೆ ಸುಮಾರು ಹತ್ತು ವರ್ಷ ಕಾರ್ಟೂನ್ ಶ್ಯಾಗಿಗೆ ದನಿ ಕೊಟ್ಟಿದ್ದು ಮ್ಯಾಥ್ಯೂ ಲಿಲ್ಲಾರ್ಡ್. 2002ರ ಸಿನಿಮಾದಲ್ಲಿ ಮೈ, ಮುಖ ಸಮೇತ ಶ್ಯಾಗಿ ಆಗಿದ್ದವರೂ ಅವರೇ. ಅವರನ್ನ ಬಿಟ್ಟು ವಿಲ್ ಫೋರ್ಟೆಯನ್ನ ಕರೆದರು. ಸರಿ, ಕರೆಯಲಿ. ಆದರೆ ಲಿಲ್ಲಾರ್ಡ್‌ಗೆ ಒಂದು ಮಾತು ಹೇಳಿರಲಿಲ್ಲ. ಅದನ್ನ ಅವರೇ ಆಮೇಲೆ ಬಹಿರಂಗವಾಗಿ ಬರೆದುಕೊಂಡರು.

ಇದಕ್ಕಿಂತ ಹೊಟ್ಟೆ ಉರಿಸೋದು ಫ್ರೆಡ್ ಕಥೆ. ಫ್ರಾಂಕ್ ವೆಲ್ಕರ್ 1969ರಲ್ಲಿ ಮೊದಲ ಸೀರೀಸ್ ಶುರುವಾದಾಗಿಂದ ಫ್ರೆಡ್‌ನ ದನಿ. ಐವತ್ತು ವರ್ಷ! ಮನುಷ್ಯ ಬದುಕಿದ್ದಾರೆ, ಕೆಲಸ ಮಾಡ್ತಿದ್ದಾರೆ, ಅದೇ ಸಿನಿಮಾದಲ್ಲಿ ಸ್ಕೂಬಿಗೆ ದನಿ ಕೊಟ್ಟಿದ್ದೂ ಅವರೇ. ಆದರೂ ಫ್ರೆಡ್ ಮಾತ್ರ ಜಾಕ್ ಎಫ್ರಾನ್‌ಗೆ. ಯಾಕೆ? ಪೋಸ್ಟರ್ ಮೇಲೆ ಹೆಸರು ಬೇಕಿತ್ತು, ಅಷ್ಟೇ.

(2/5)
ಈಗ ನೀವು ಅಂತೀರಿ, “ದನಿ ಬದಲಾಗೋದು ಸಹಜ ಅಲ್ವಾ, ಮನುಷ್ಯರು ಸಾಯ್ತಾರೆ, ಪಾತ್ರ ಸಾಯಲ್ಲ.” ಒಪ್ಪಿದೆ. ನಾನು ಹಳೇ ದನಿಗೆ ಅಂಟಿಕೊಂಡು ಅಳೋ ಗುಂಪಿನವನಲ್ಲ. ಹೊಸಬರು ಬಂದ ಕೂಡಲೇ “ಇದು ಒರಿಜಿನಲ್ ಅಲ್ಲ” ಅಂತ ಕಾಮೆಂಟ್ ಬಾಕ್ಸ್‌ನಲ್ಲಿ ಕೂಗಾಡೋರ ಮೇಲೂ ನನಗೆ ಸಿಟ್ಟಿದೆ. ನೀವು ಪೂಜೆ ಮಾಡೋ ಒರಿಜಿನಲ್ಲೇ ಎಷ್ಟೋ ಸಲ ಡೂಪ್ಲಿಕೇಟು. ಪೋರ್ಕಿ ಪಿಗ್ ಅಂದ ತಕ್ಷಣ ಎಲ್ಲರೂ ಮೆಲ್ ಬ್ಲಾಂಕ್ ಅಂತಾರೆ. ಪೋರ್ಕಿಯ ಮೊದಲ ದನಿ ಜೋ ಡೊಹರ್ಟಿ. ಅವರಿಗೆ ನಿಜವಾಗಿಯೂ ತೊದಲು ಇತ್ತು, ಅದು ಅವರ ಹಿಡಿತದಲ್ಲಿ ಇರಲಿಲ್ಲ, ರೆಕಾರ್ಡಿಂಗ್ ಎಳೀತಿತ್ತು. 1937ರಲ್ಲಿ ಬ್ಲಾಂಕ್ ಬಂದರು. ಆ ಬದಲಾವಣೆ ಬೇಡ ಅಂದಿದ್ದರೆ ಇವತ್ತಿನ ಪೋರ್ಕಿ ಇರ್ತಾನೇ ಇರಲಿಲ್ಲ.

ಅಂದ್ರೆ ನನ್ನ ತಕರಾರು ಬದಲಾವಣೆ ಬಗ್ಗೆ ಅಲ್ಲ. ಬದಲಾಯಿಸೋ ರೀತಿ ಬಗ್ಗೆ.

(3/5)
ರೀತಿ ಅಂದ್ರೆ ಏನು ಅಂತ ಡೊನಾಲ್ಡ್ ಡಕ್‌ನ ನೋಡಿ. ಕ್ಲಾರೆನ್ಸ್ ನ್ಯಾಶ್ 1934ರಿಂದ ಅವನ ದನಿ. ಆ ದನಿ ಮಾಮೂಲಿ ಥರ ಗಂಟಲಿಂದ ಬರಲ್ಲ, ಕೆನ್ನೆ ಒಳಗೆ ಗಾಳಿ ಹಿಂಡಿ ತೆಗೀಬೇಕು. ಒಂದು ನಿಮಿಷ ಟ್ರೈ ಮಾಡಿ, ದವಡೆ ಹಿಡ್ಕೊಳ್ಳತ್ತೆ. ನ್ಯಾಶ್ ಅದನ್ನ ಸ್ಟುಡಿಯೋದ ಅನಿಮೇಟರ್ ಟೋನಿ ಅನ್ಸೆಲ್ಮೋಗೆ ಕೂರಿಸಿಕೊಂಡು ಹೇಳಿಕೊಟ್ಟರು. 1985ರಲ್ಲಿ ನ್ಯಾಶ್ ತೀರಿಕೊಂಡ ಮೇಲೆ ಅನ್ಸೆಲ್ಮೋ ಡೊನಾಲ್ಡ್ ಆದರು.

ಮಿಕ್ಕಿ ಕೂಡ ಹಾಗೇ. ಮೊದಲ ದನಿ ಸಾಕ್ಷಾತ್ ವಾಲ್ಟ್ ಡಿಸ್ನಿ. ಆಮೇಲೆ ಸೌಂಡ್ ಎಫೆಕ್ಟ್ ವಿಭಾಗದ ಜಿಮ್ಮಿ ಮ್ಯಾಕ್‌ಡೊನಾಲ್ಡ್. 1977ರಲ್ಲಿ ಅವರ ಕೈಕೆಳಗೇ ಪಳಗಿದ ವೇಯ್ನ್ ಆಲ್ವೈನ್. ಆಲ್ವೈನ್ 2009ರಲ್ಲಿ ಸಾಯೋವರೆಗೂ ಮಿಕ್ಕಿ ಆಗಿದ್ದರು. (ಅವರು ಮದುವೆ ಆಗಿದ್ದು ಮಿನ್ನಿಯ ದನಿ ರಸ್ಸಿ ಟೇಲರ್ ಅವರನ್ನ. ಇದನ್ನ ಓದಿದ ದಿನ ನಾನು ಹಾಸ್ಟೆಲ್‌ನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೆ.) ಇದು ಗುರುವಿಂದ ಶಿಷ್ಯನಿಗೆ ಹೋಗೋ ವಿದ್ಯೆ. ಇದರಲ್ಲಿ ಸ್ಟಾರ್ ಯಾರೂ ಇಲ್ಲ, ಪೋಸ್ಟರ್ ಇಲ್ಲ. ಪಾತ್ರವನ್ನ ನನಗಿಂತ ದೊಡ್ಡದು ಅಂತ ನಂಬಿದವರ ಸಾಲು ಇದೆ.

“ಸ್ಟಾರ್ ಬಂದರೆ ಜನ ಬರ್ತಾರೆ, ಬಿಸಿನೆಸ್ ಗುರೂ” ಅಂತೀರಾ? ಹೊಸ ಪಾತ್ರಕ್ಕೆ ಸ್ಟಾರ್ ಬೇಕಾದರೆ ಧಾರಾಳವಾಗಿ ಕರ್ಕೊಳ್ಳಿ. 1992ರ ‘ಅಲ್ಲಾದ್ದೀನ್’ನ ಜೀನಿಯನ್ನ ರಾಬಿನ್ ವಿಲಿಯಮ್ಸ್‌ಗಾಗಿಯೇ ಕಟ್ಟಿದ್ದು, ಅದಕ್ಕೇ ಅದು ಅಷ್ಟು ಚೆಂದ. ಬೇರೆಯವರು ಐವತ್ತು ವರ್ಷ ಕಟ್ಟಿದ ಮನೆಗೆ ಗೃಹಪ್ರವೇಶದ ದಿನ ಸ್ಟಾರ್‌ನ ಕರೆಸಿ, ಕಟ್ಟಿದವರನ್ನ ಗೇಟಿನ ಹೊರಗೆ ನಿಲ್ಲಿಸೋದು ಬೇರೆ.

(4/5)
ಬಿಸಿನೆಸ್ ಅಂದಿರಲ್ಲ, ಬನ್ನಿ, ಅದು ನನ್ನ ಸಬ್ಜೆಕ್ಟು. ಬಿಕಾಂನಲ್ಲಿ ಪಾರ್ಟ್‌ನರ್‌ಶಿಪ್ ಅಕೌಂಟ್ಸ್ ಓದಿದವರಿಗೆ ಗೊತ್ತು: ಒಬ್ಬ ಪಾಲುದಾರ ನಿವೃತ್ತಿಯಾದರೆ ಅಥವಾ ತೀರಿಕೊಂಡರೆ ಮೊದಲು ಗುಡ್‌ವಿಲ್ ಲೆಕ್ಕ ಹಾಕ್ತೀವಿ. ಉಳಿದವರು ಗೇನಿಂಗ್ ರೇಶಿಯೋ ಪ್ರಕಾರ ಅವನ ಪಾಲನ್ನ ಅವನ ಖಾತೆಗೆ ಜಮಾ ಮಾಡ್ಬೇಕು. ಯಾಕಂದ್ರೆ ಅಂಗಡಿಗೆ ಬಂದ ಒಳ್ಳೆ ಹೆಸರಿನಲ್ಲಿ ಅವನ ಬೆವರೂ ಇದೆ. ಶ್ಯಾಗಿಯನ್ನ ನೋಡಿದ ತಕ್ಷಣ ನಿಮ್ಮ ತಲೆಯಲ್ಲಿ ಒಂದು ದನಿ ಓಡತ್ತಲ್ಲ, ಅದೇ ಗುಡ್‌ವಿಲ್. ಅದನ್ನ ಸಂಪಾದಿಸಿದವರು ಮಾತ್ರ ಪಾಲುದಾರರಲ್ಲ, ಬಂದು ಹೋಗೋ ಕೂಲಿಯವರು. ಬ್ಯಾಲೆನ್ಸ್ ಶೀಟ್ ಸ್ಟುಡಿಯೋದ್ದು.

ಇದು ಇವತ್ತಿನ ರೋಗ ಅಲ್ಲ. ಮೆಲ್ ಬ್ಲಾಂಕ್ ಸಂಬಳ ಜಾಸ್ತಿ ಕೇಳಿದಾಗ ದುಡ್ಡಿನ ಬದಲು ತೆರೆ ಮೇಲೆ ಹೆಸರು ಹಾಕಿದರು ಅಂತ ಹೇಳ್ತಾರೆ. ಒಳ್ಳೇದೇ ಆಯ್ತು, ಬ್ಲಾಂಕ್ ಹೆಸರು ಮನೆಮಾತಾಯ್ತು. ಅದೇ ಕಾರ್ಟೂನ್‌ಗಳಲ್ಲಿ ಎಲ್ಮರ್ ಫಡ್‌ಗೆ ದನಿ ಕೊಟ್ಟ ಆರ್ಥರ್ ಕ್ಯೂ. ಬ್ರಯಾನ್ ಹೆಸರು ಇರಲಿಲ್ಲ. 1959ರಲ್ಲಿ ಅವರು ಹೋದರು. ಎಲ್ಮರ್ ದನಿಯೂ ಬ್ಲಾಂಕ್‌ದೇ ಅಂತ ನಂಬಿರೋರು ಇವತ್ತಿಗೂ ಇದ್ದಾರೆ.

ನಮ್ಮ ಕನ್ನಡದಲ್ಲಿ ಈ ಕೆಲಸಕ್ಕೆ ‘ಕಂಠದಾನ’ ಅಂತೀವಿ. ಎಂಥಾ ಪದ! ಆದರೆ ದಾನ ಕೊಟ್ಟಿದ್ದನ್ನ ವಾಪಸ್ ಕೇಳೋ ಹಾಗಿಲ್ಲ ಅನ್ನೋ ಅರ್ಥದಲ್ಲೇ ಸ್ಟುಡಿಯೋಗಳು ಇದನ್ನ ತಗೊಂಡಂಗಿದೆ.

ಪಾತ್ರಧಾರಿ ತನ್ನ ಮಾತು ಗಟ್ಟಿಯಾಗಿ ಆಡಿದ ಉದಾಹರಣೆನೂ ಇದೆ. ಶ್ಯಾಗಿಯ ಮೊದಲ ದನಿ ಕೇಸಿ ಕೇಸಮ್ ಸಸ್ಯಾಹಾರಿ. ಬರ್ಗರ್ ಜಾಹೀರಾತಿಗೆ ಶ್ಯಾಗಿಯಾಗಿ ಮಾತಾಡು ಅಂದಾಗ ಪಾತ್ರವನ್ನೇ ಬಿಟ್ಟು ನಡೆದರು. 2002ರಲ್ಲಿ ವಾಪಸ್ ಬಂದಿದ್ದು ಶ್ಯಾಗಿಯನ್ನೂ ಸಸ್ಯಾಹಾರಿ ಮಾಡಿ ಅನ್ನೋ ಷರತ್ತಿನ ಮೇಲೆ. ಆ ತಾಕತ್ತು ಎಷ್ಟು ಜನಕ್ಕಿರತ್ತೆ ಹೇಳಿ.

(5/5)
ಬದಲಾಯಿಸಲೇಬೇಕಾದ ಕಡೆನೂ ಇವರು ಎಡವಿದ್ದಾರೆ. ‘ಸಿಂಪ್ಸನ್ಸ್’ನ ಅಪು ಭಾರತದವನು, ದನಿ ಕೊಡ್ತಿದ್ದದ್ದು ಬಿಳಿಯ ನಟ ಹ್ಯಾಂಕ್ ಅಜಾರಿಯಾ. ವರ್ಷಗಟ್ಟಲೆ ಟೀಕೆ ಬಂದ ಮೇಲೆ 2020ರಲ್ಲಿ ಅವರು ಆ ಪಾತ್ರ ಬಿಟ್ಟರು. ಕಾರ್ಲ್‌ಗೆ ಅಲೆಕ್ಸ್ ಡೆಸರ್ಟ್ ಬಂದರು, ಡಾಕ್ಟರ್ ಹಿಬ್ಬರ್ಟ್‌ಗೆ ಕೆವಿನ್ ಮೈಕಲ್ ರಿಚರ್ಡ್‌ಸನ್ ಬಂದರು. ಅಪುಗೆ? ಬಹುಮಟ್ಟಿಗೆ ಹಿಂದೆ ಸುಮ್ಮನೆ ನಿಂತಿರ್ತಾನೆ. ಭಾರತ ಮೂಲದ ಒಬ್ಬ ನಟನಿಗೆ ಕೊಡೋ ಬದಲು ಪಾತ್ರದ ಬಾಯಿಯನ್ನೇ ಮುಚ್ಚಿದರು. ಇದು ನ್ಯಾಯನಾ?

ಕೊನೆಯ ಸ್ಲೈಡ್ ನೋಡಿ, ಡಾರ್ತ್ ವೇಡರ್. ಕಾರ್ಟೂನ್ ಅಲ್ಲ, ಗೊತ್ತು. ಜೇಮ್ಸ್ ಅರ್ಲ್ ಜೋನ್ಸ್ ಬದುಕಿದ್ದಾಗಲೇ ತಮ್ಮ ಹಳೇ ದನಿಯನ್ನ ಎಐ ಮೂಲಕ ಬಳಸೋಕೆ ಒಪ್ಪಿಗೆ ಕೊಟ್ಟಿದ್ದರು. 2024ರಲ್ಲಿ ತೀರಿಕೊಂಡರು. 2025ರಲ್ಲಿ ಫೋರ್ಟ್‌ನೈಟ್ ಗೇಮ್‌ನಲ್ಲಿ ಎಐ ವೇಡರ್ ಆಟಗಾರರ ಜೊತೆ ಮಾತಾಡಿದ, ಕುಟುಂಬದ ಒಪ್ಪಿಗೆಯಿಂದಲೇ. ಆದರೂ ನಟರ ಸಂಘ ಸ್ಯಾಗ್-ಆಫ್ಟ್ರಾ ದೂರು ಕೊಟ್ಟಿತು. ತಮ್ಮ ಸದಸ್ಯರು ಮಾಡೋ ಕೆಲಸವನ್ನ ಚರ್ಚೆಯೇ ಇಲ್ಲದೆ ಯಂತ್ರಕ್ಕೆ ಕೊಟ್ಟಿದ್ದಾರೆ ಅಂತ.

“ಅವರೇ ಒಪ್ಪಿದ್ದಾರಲ್ಲ, ನಿಂಗೇನು?” ಅಂತ ಕೇಳೋರಿಗೆ ಒಂದೇ ಪ್ರಶ್ನೆ. ಈ ಸಾಫ್ಟ್‌ವೇರ್ 1985ರಲ್ಲೇ ಇದ್ದಿದ್ದರೆ? ನ್ಯಾಶ್ ದನಿ ಕಂಪ್ಯೂಟರ್‌ಗೆ ಹಾಕಿ, ಅನ್ಸೆಲ್ಮೋಗೆ “ನೀನು ಚಿತ್ರ ಬರ್ಕೊಂಡಿರಪ್ಪ” ಅಂತಿದ್ದರು. ಕಲಿಸೋ ಅಗತ್ಯ ಇಲ್ಲ, ಕಲಿಯೋನೂ ಬೇಕಿಲ್ಲ. ಜೋನ್ಸ್ ಕೊಡಬಹುದಾಗಿದ್ದು ಅವರ ಸ್ವಂತ ಒಪ್ಪಿಗೆ ಮಾತ್ರ. ಮುಂದೆ ಆ ಮೈಕ್ ಮುಂದೆ ನಿಲ್ಲಬೇಕಿದ್ದ, ಇನ್ನೂ ಹೆಸರೇ ಇಲ್ಲದ ಹುಡುಗನ ಪರವಾಗಿ ಸಹಿ ಹಾಕೋರು ಯಾರು?

ಈಗ ನಿಮಗೊಂದು ಕೆಲಸ. 2009ರಲ್ಲಿ ಚಿಂಟು ಟಿವಿ ಶುರುವಾದ ಮೇಲೆ ನಮ್ಮಲ್ಲಿ ಎಷ್ಟೋ ಜನ ಕಾರ್ಟೂನ್ ಪಾತ್ರಗಳು ಕನ್ನಡ ಮಾತಾಡೋದನ್ನ ಕೇಳುತ್ತಾ ಊಟ ಮುಗಿಸಿದೋರು. ಆ ಕನ್ನಡ ಗಂಟಲುಗಳಲ್ಲಿ ಒಂದರ ಹೆಸರು ಗೊತ್ತಿದ್ದರೂ ಅವರ ಅಕೌಂಟನ್ನ ಕೆಳಗೆ ಟ್ಯಾಗ್ ಮಾಡಿ. ಅವರು ಒಪ್ಪಿದರೆ ಮುಂದಿನ ಸರಣಿ ಅವರದೇ ಮಾತಲ್ಲಿ ಬರತ್ತೆ.

#ಕಂಠದಾನ #ಕಾರ್ಟೂನ್ #ಕನ್ನಡ